ಪೊರಕೆ ಕಟ್ಟಿಸ್ಕೊಂಡ ಮೂರು ಗಿಡಗಳು

ಮೊದ್ಲು ಆ ಕಾಲು ಗೋಡೆ ಮೇಲಿಂದ ಇಳಿಸು, ಮಗ್ಗುಲಾಗು, ಆಮೇಲೆ ಹೇಳ್ತೀನಿ. ಇಲ್ಲ ಇಂಚರ, ಇವತ್ತು ರಾಕ್ಷಸನ ಕತೆ ಇಲ್ಲ. ಪಾಚಿಗೆ ಬೀಜ ಯಾಕಿಲ್ಲ, ಜರೀಗಿಡಕ್ಕೆ ಹೂ ಯಾಕಿಲ್ಲ ಅಂತ ಬೆಳಗ್ಗಿಂದ ನನ್ನ ತಲೆ ತಿಂದಿದ್ದೀಯಲ್ಲ, ನಿಮ್ಮ ಮೇಷ್ಟ್ರೇನೋ ಪಾಠ ಮಾಡಿ ಆರಾಮಾಗಿ ಮನೆಗೆ ಹೋದ್ರು, ಉತ್ರ ಕೊಡೋ ಕರ್ಮ ನಂದು. ಅದಕ್ಕೆ ಇವತ್ತು ಅದೇ ಕತೆ. ಮಧ್ಯೆ ಬಾಯಿ ಹಾಕಿದ್ರೆ ದೀಪ ಆರಿಸಿ ಆ ಕಡೆ ತಿರುಕ್ಕೊಂಡು ಮಲಗ್ತೀನಿ, ಈಗಲೇ ಹೇಳಿದ್ದೀನಿ.

ಒಂದಾನೊಂದು ಕಾಲ್ದಲ್ಲಿ, ಯಾವ ಕಾಲ ಅಂತ ಮಾತ್ರ ಕೇಳ್ಬೇಡ, ಹೂವಳ್ಳಿ ಅಂತ ಒಂದು ಊರಿತ್ತಂತೆ. ಊರಿಗೆ ಊರೇ ಹೂ ಬೆಳೆಯೋರು. ಮನೆ ಮುಂದೆ ಕನಕಾಂಬರ, ಹಿತ್ಲಲ್ಲಿ ಮಲ್ಲಿಗೆ, ಬೇಲಿ ಪಕ್ಕ ಚೆಂಡುಹೂ, ಹುಟ್ಟಿದ ಮಕ್ಕಳಿಗೂ ಹೂವಿನ ಹೆಸರೇ. ಆ ಊರಲ್ಲಿ ಒಂದು ಪದ್ಧತಿ ಇತ್ತಂತೆ. ಉಗಾದಿ ದಿನ ಹಿತ್ಲಲ್ಲಿರೋ ಒಂದೊಂದು ಗಿಡದಿಂದಲೂ ಒಂದೊಂದು ಹೂ ಕಿತ್ತು ದೇವ್ರಿಗೆ ಇಡಬೇಕು. ಯಾವ ಗಿಡ ಹೂ ಕೊಡಲ್ವೋ ಅದು ಬಂಜೆ. ಅದಕ್ಕೆ ಒಂದು ಹಳೇ ಪೊರಕೆ, ಹರಿದ ಎಕ್ಕಡ ಕಟ್ಟಿ ನೇತು ಹಾಕೋರಂತೆ, ನಾಚ್ಕೆ ಆಗಿ ಮುಂದಿನ ವರ್ಷನಾದ್ರೂ ಹೂ ಬಿಡ್ಲಿ ಅಂತ. ಅದಕ್ಕೂ ಜಗ್ಗಲಿಲ್ಲ ಅಂದ್ರೆ ಕೊಡಲಿ ಶಾಸ್ತ್ರ. ಮನೆ ಹಿರಿಯೋಳು ಕೊಡಲಿ ಎತ್ತಿ ಕಡಿದುಬಿಡ್ಲಾ ಅಂತ ಮೂರು ಸಲ ಕೇಳೋದು, ಮನೆ ಮಗ ಅಡ್ಡ ನಿಂತು ಬೇಡ, ಮುಂದಿನ ಸಲ ಬಿಡತ್ತೆ ಅನ್ನೋದು. ಮಗ ಬೇಡ ಅಂದ್ರೆ ಗಿಡ ಉಳೀತು. ಅನ್ಲಿಲ್ವೋ, ಬುಡಕ್ಕೇ ಏಟು. ಎಂಥ ಪದ್ಧತಿಯೋ ಏನೋ, ಗಿಡಕ್ಕೆ ಎಕ್ಕಡ ನೋಡಿ ನಾಚ್ಕೆ ಆಗತ್ತಂತೆ!

ಆ ಊರಲ್ಲಿ ಸೇವಂತಮ್ಮ ಅಂತ ಒಬ್ಳು ಗಟ್ಟಿ ಹೆಂಗಸು ಇದ್ಳಂತೆ. ಗಂಡ ತೀರ್ಕೊಂಡಿದ್ದ, ಒಬ್ನೇ ಮಗ, ಸಂಪಂಗಪ್ಪ ಅಂತ. ಈ ಸಂಪಂಗಪ್ಪ ಕೆಟ್ಟವ್ನೇನಲ್ಲ, ಮೈ ಬಗ್ಗಿಸಿ ಕೆಲ್ಸ ಮಾಡೋನು, ಆದ್ರೆ ಅವನ ಬಾಯಲ್ಲಿ ಇದ್ದಿದ್ದು ಒಂದೇ ಒಂದು ಮಾತು, ಹೂಂ. ಅವ್ವ ಬಾವಿಗೆ ಇಳಿ ಅಂದ್ರೆ ಹೂಂ, ಹತ್ತು ಅಂದ್ರೆ ಹೂಂ. ಅವನಿಗೆ ದೂರದ ಚಳಿ ಬೆಟ್ಟದ ಸೀಮೆಯಿಂದ ಹೆಣ್ಣು ತಂದ್ರಂತೆ. ಹೆಸರು ಬೆಟ್ಟಮ್ಮ. ನಮ್ಮ ಕತೆ ಅವಳ್ದೇ. ಮೂಗಿನ ತುದೀಲಿ ಕೋಪ ಇಟ್ಕೊಂಡೇ ಹುಟ್ಟಿದ್ಳಂತೆ ಅವ್ಳು, ಆ ಮನೆಗೆ ಬಂದ್ಮೇಲೆ ಆ ಕೋಪಕ್ಕೆ ಪುರುಸೊತ್ತೇ ಸಿಗ್ಲಿಲ್ಲ.

ಗಂಡನ ಮನೆಗೆ ಹೊರಡೋವಾಗ ಅವಳ ಅಮ್ಮ ಚಿನ್ನ ಬೆಳ್ಳಿ ಏನೂ ಕೊಡ್ಲಿಲ್ಲವಂತೆ, ಇದ್ರೆ ತಾನೇ ಕೊಡೋದಕ್ಕೆ, ಮೂರು ಗಿಡ ಕೊಟ್ಳಂತೆ. ಒಂದು ಕಲ್ಲಿನ ಮೇಲೆ ಮೆತ್ತಗೆ ಹಾಸ್ಕೊಂಡಿದ್ದ ಪಾಚಿ. ಒಂದು ಕುಂಡದಲ್ಲಿ ಜರೀಗಿಡ. ಇನ್ನೊಂದು ಸೂಜಿ ಸೂಜಿ ಎಲೆ ಇರೋ ಮರದ ಸಸಿ. ಅದಕ್ಕೆ ಏನೋ ಹೆಸರಿದೆ, ನನ್ನ ಬಾಯಿಗೆ ಬರಲ್ಲ. ಏನು, ಪೈನಾ? ಸರಿ, ನಿನಗೇ ಗೊತ್ತಿದ್ರೆ ನೀನೇ ಹೇಳು ಕತೆನ. ನಾನು ಸೂಜಿಮರ ಅಂತೀನಿ. ಬೆಟ್ಟಮ್ಮ ಈ ಮೂರನ್ನೂ ಮಡಿಲಲ್ಲಿ ಇಟ್ಕೊಂಡು ಬಂದ್ಳು, ಆ ಮಳೆಗಾಲದಲ್ಲೇ ಅವಳ ಅಮ್ಮ ತೀರ್ಕೊಂಡ್ಳು. ಅಪ್ಪ ಮೊದ್ಲೇ ಇರ್ಲಿಲ್ಲ, ಅಣ್ಣತಮ್ಮಂದ್ರು ಹುಟ್ಟೇ ಇರ್ಲಿಲ್ಲ. ಆಮೇಲೆ ತವರು ಅಂತ ಅವಳಿಗೆ ಉಳಿದಿದ್ದು ಆ ಮೂರು ಗಿಡ ಮಾತ್ರ. ಅವು ಹೋದ್ರೆ ಅಮ್ಮನ ಕೈ ಮುಟ್ಟಿದ್ದು ಅನ್ನೋದು ಈ ಭೂಮಿ ಮೇಲೆ ಅವಳಿಗೆ ಇನ್ನೇನೂ ಇಲ್ಲ.

ಉಗಾದಿ ಬಂತು. ಸೇವಂತಮ್ಮ ತಟ್ಟೆ ಹಿಡ್ಕೊಂಡು ಹಿತ್ಲೆಲ್ಲ ಸುತ್ತಿ ಹೂ ಕಿತ್ತು ಕಿತ್ತು ಪಾಚಿ ಕಲ್ಲಿನ ಮುಂದೆ ಬಂದು ನಿಂತ್ಳಂತೆ. ಎಲ್ಲೇ ಇದರ ಹೂ ಅಂದ್ಳು. ಬೆಟ್ಟಮ್ಮ, ಪಾಚಿಗೆ ಹೂ ಇರಲ್ಲ ಅತ್ತೆ, ಅದರ ಸಂಸಾರದ ರೀತಿನೇ ಬೇರೆ, ಬಗ್ಗಿ ನೋಡಿ ಅಂದ್ಳು. ಬಗ್ಗಿ ನೋಡಿದ್ರೆ ಪಾಚಿ ಮೇಲೆ ಕೂದಲಷ್ಟು ಸಣ್ಣ ಕಡ್ಡಿಗಳು ಎದ್ದು ನಿಂತಿದ್ವಂತೆ, ಒಂದೊಂದರ ತಲೆ ಮೇಲೂ ಒಂದು ಪುಟ್ಟ ಟೋಪಿ. ಅದೇನು ಗೊತ್ತಾ, ಪಾಚಿಯಲ್ಲಿ ಗಂಡು ಭಾಗ ಒಂದು, ಹೆಣ್ಣು ಭಾಗ ಒಂದು ಇರತ್ತೆ. ಮಳೆ ಬಿದ್ದಾಗಲೋ ಇಬ್ಬನಿ ಬಿದ್ದಾಗಲೋ ಆ ಒಂದು ಹನಿ ನೀರಲ್ಲಿ ಗಂಡಿನ ಕಣ ಈಜ್ಕೊಂಡು ಹೋಗಿ ಹೆಣ್ಣು ಕಡೆ ಸೇರತ್ತೆ. ಆಮೇಲೆ ಆ ಹೆಣ್ಣಿನ ನೆತ್ತಿ ಮೇಲೆ ಕಡ್ಡಿ ಏಳತ್ತೆ, ಕಡ್ಡಿ ತುದೀಲಿ ಡಬ್ಬಿ ಕಟ್ಟತ್ತೆ, ಡಬ್ಬಿ ಒಣಗಿ ಮುಚ್ಚಳ ಬಿದ್ರೆ ಒಳಗಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಹಾರತ್ತೆ. ಆ ಪುಡಿ ಎಲ್ಲಿ ತೇವ ಸಿಕ್ತೋ ಅಲ್ಲಿ ಹೊಸ ಪಾಚಿ. ಬೀಜನೂ ಬೇಡ, ಹೂವೂ ಬೇಡ, ನೀರಿದ್ರೆ ಸಾಕು.

ಇದನ್ನ ಬೆಟ್ಟಮ್ಮ ಹೇಳೋಕೆ ಹೊರಟ್ರೆ ಸೇವಂತಮ್ಮ ಕೇಳ್ಬೇಕಲ್ಲ! ಈಜೋ ಗಿಡ ಅಂತೆ, ಟೋಪಿ ಹಾಕ್ಕೊಳ್ಳೋ ಗಿಡ ಅಂತೆ, ಯಾರಿಗೆ ಹೇಳ್ತೀಯೇ ಅಂದ್ಳು. ಸಂಪಂಗಿ, ಪೊರಕೆ ತಾರೋ, ಇದಕ್ಕೆ ಕಟ್ಟು ಅಂದ್ಳು. ಅವನು ಹೂಂ ಅಂತ ಪೊರಕೆ ತಂದ. ಪಾಚಿಗೆ ಪೊರಕೆ ಹೇಗೆ ಕಟ್ತಾರೆ ಹೇಳು ನೋಡೋಣ. ದಾರ ಸುತ್ತೋಕೆ ಕೊಂಬೆ ಇಲ್ಲ, ಕಾಂಡ ಇಲ್ಲ, ನೇತು ಹಾಕೋಕೆ ಏನೂ ಇಲ್ಲ. ಆ ಮಹಾರಾಯ ಪೊರಕೆ ಹಿಡ್ಕೊಂಡು ಕಲ್ಲನ್ನ ಸುತ್ತಾನೇ ಇದ್ನಂತೆ. ಆಮೇಲೆ ಸೇವಂತಮ್ಮಂಗೆ ರೇಗಿ ಹೋಗಿ, ಕೊಡೋ ಇಲ್ಲಿ ಅಂತ ಪೊರಕೆ ಕಿತ್ಕೊಂಡು, ಕಲ್ಲಿನ ಮೇಲೆ ನೀರು ಸುರಿದು ಸುರಿದು ಬರಬರ ಅಂತ ಉಜ್ಜಿ ಪಾಚಿನೆಲ್ಲ ತೊಳೆದು ಮೋರಿಗೆ ಬಿಟ್ಬಿಟ್ಳಂತೆ. ಬೆಟ್ಟಮ್ಮ ಬರೀ ಕಲ್ಲನ್ನ ಎತ್ಕೊಂಡು ಕೂತು ಅತ್ಳು. ಅಮ್ಮ ಕೊಟ್ಟಿದ್ರಲ್ಲಿ ಒಂದು ಹೋಯ್ತು ಅಂತ ಊಟನೂ ಮಾಡ್ಲಿಲ್ಲ. ಗಂಡ ಪಕ್ಕದಲ್ಲಿ ಕೂತು ಹೂಂ ಅಂದ. ಯಾಕೆ ಹೂಂ ಅಂತ ಇವಳು ಕೇಳಿದ್ರೆ ಅದಕ್ಕೂ ಹೂಂ. ನಾನಾಗಿದ್ರೆ ಆ ಪೊರಕೇಲೇ ಎರಡು ಬಿಡ್ತಿದ್ದೆ.

ಮಳೆ ಶುರುವಾಯ್ತು ನೋಡು, ಮೋರಿ ಅಂಚೆಲ್ಲ ಹಸಿರು! ಉಜ್ಜಿದ ಚೂರು ಎಲ್ಲೆಲ್ಲಿ ಅಂಟ್ಕೊಂಡಿತ್ತೋ ಅಲ್ಲೆಲ್ಲ ಚಿಗುರ್ತು, ಹಾರಿದ ಪುಡಿ ಎಲ್ಲೆಲ್ಲಿ ಬಿದ್ದಿತ್ತೋ ಅಲ್ಲೆಲ್ಲ ಹಾಸ್ಕೊಂತು, ಬಾವಿ ಕಟ್ಟೆ, ಬಚ್ಚಲ ಹಿಂದಿನ ಗೋಡೆ, ಒಗೆಯೋ ಕಲ್ಲಿನ ಬುಡ, ಎಲ್ಲೆಲ್ಲೂ ಪಾಚಿ. ಸೇವಂತಮ್ಮ ಬಾವಿಗೆ ಹೋಗಿ ಜಾರಿ ಬಿದ್ದು ಸೊಂಟ ಹಿಡ್ಕೊಂಡು ಬಂದ್ಳಂತೆ. ಹರಳೆಣ್ಣೆ ತಿಕ್ಕೋವಾಗ ಬೆಟ್ಟಮ್ಮಂಗೆ ನಗು ತಡ್ಯೋಕೆ ಆಗ್ಲಿಲ್ಲ, ಬಾಯಿಗೆ ಸೆರಗು ತುರುಕ್ಕೊಂಡ್ಳು. ನಗಬೇಡ, ನೀನೂ ನಗಬೇಡ, ಬಿದ್ದೋರನ್ನ ನೋಡಿ ನಗಬಾರ್ದು. ಆಯ್ತು, ಸ್ವಲ್ಪ ನಗು.

ಇಷ್ಟಾದ್ರೂ ಬುದ್ಧಿ ಬಂತಾ ಅಂದ್ರೆ ಎಲ್ಲಿಂದ ಬರತ್ತೆ. ಮುಂದಿನ ಉಗಾದಿಗೆ ಮತ್ತೆ ತಟ್ಟೆ, ಮತ್ತೆ ಎಲ್ಲೇ ಹೂ. ಈ ಸಲ ಜರೀಗಿಡ. ಬೆಟ್ಟಮ್ಮ ಅಂದ್ಳಂತೆ, ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಇದಕ್ಕೂ ಹೂ ಇಲ್ಲ, ಆದ್ರೆ ಇದು ಬಂಜೆ ಅಲ್ಲ, ಎಲೆ ಮಗುಚಿ ನೋಡಿ ಅಂತ. ಸೇವಂತಮ್ಮ ಎಲೆ ಮಗುಚಿದ್ರೆ ಹಿಂಭಾಗದಲ್ಲಿ ಸಾಲು ಸಾಲಾಗಿ ಕಂದು ಬಣ್ಣದ ಚುಕ್ಕಿ. ಅಯ್ಯೋ ನಮ್ಮಪ್ಪ, ಹುಳ ಬಿದ್ದಿದೆ, ಮೊಟ್ಟೆ ಇಟ್ಟಿದೆ, ನನ್ನ ಮಲ್ಲಿಗೆಗೂ ಹತ್ತತ್ತೆ ಅಂತ ಕೂಗ್ಕೊಂಡು, ಪೊರಕೆ ಕಟ್ಟೋದು ಹಾಗಿರ್ಲಿ, ಪೊರಕೇಲೇ ಗಿಡಕ್ಕೆ ಬಡಿದ್ಳಂತೆ. ಬಡಿದಷ್ಟೂ ಕಂದು ಪುಡಿ ಬುಸುಬುಸು ಅಂತ ಏಳ್ತು. ಅದು ಹುಳದ ಮೊಟ್ಟೆ ಅಲ್ಲ ಅತ್ತೆ, ಅದರ ಮಕ್ಕಳಾಗೋ ಪುಡಿ ಅಂತ ಬೆಟ್ಟಮ್ಮ ಗಂಟಲು ಹರ್ಕೊಂಡ್ಳು. ಯಾರು ಕೇಳ್ಬೇಕು. ಸಂಪಂಗಿ, ಕುಂಡ ಎತ್ತಿ ತಿಪ್ಪೆಗೆ ಹಾಕೋ ಅಂದ್ಳು. ಹೂಂ ಅಂದ. ಹಾಕಿ ಬಂದ.

ಆಮೇಲೆ ಆ ಪುಡಿ ಏನಾಯ್ತು ಅಂದ್ರೆ, ಒದ್ದೆ ಗೋಡೆ ಸಂದೀಲಿ, ಬಾವಿ ಒಳಗಿನ ಕಲ್ಲಲ್ಲಿ ಕೂತ್ಕೊಂಡು, ಉಗುರಿಗಿಂತ ಸಣ್ಣ ಹಸಿರು ಬಿಲ್ಲೆ ಆಯ್ತಂತೆ, ವೀಳ್ಯದೆಲೆ ಆಕಾರದ್ದು. ಅದನ್ನ ನೋಡಿದ್ರೆ ಜರೀಗಿಡದ ಮಗು ಅಂತ ಯಾರೂ ಅನ್ನಲ್ಲ. ಆ ಬಿಲ್ಲೆ ಹೊಟ್ಟೆ ಕೆಳಗೇ ಗಂಡು ಹೆಣ್ಣು ಎರಡೂ ಇರತ್ತೆ, ಅಲ್ಲೂ ಒಂದು ತೊಟ್ಟು ನೀರಲ್ಲಿ ಗಂಡಿನ ಕಣ ಈಜಿ ಹೆಣ್ಣಿನ ಹತ್ರ ಹೋಗತ್ತೆ. ಅಲ್ಲಿಂದ ಸುರುಳಿ ಸುತ್ಕೊಂಡ ಒಂದು ಪುಟ್ಟ ಎಲೆ ಮೇಲೇಳತ್ತೆ, ಸುರುಳಿ ಬಿಚ್ಚಿದ್ರೆ ನಿಜವಾದ ಜರೀಗಿಡ. ಹಾಗೇ ಎದ್ವು. ಬಾವಿ ಒಳಗಡೆ ಸುತ್ತ ಜರೀಗಿಡ. ಸೇವಂತಮ್ಮ ಬಗ್ಗಿ ನೋಡಿ, ಇದೇನೇ ದರಿದ್ರ, ಒಂದು ಬಿಸಾಕಿದ್ರೆ ಊರೆಲ್ಲ ಹುಟ್ಟತ್ತೆ ಅಂದ್ಳಂತೆ. ನೋಡು ಅವಳ ಮಾತು. ಬಂಜೆ ಅಂತ ಬಿಸಾಕಿದ್ದೂ ಅವಳೇ, ಊರೆಲ್ಲ ಹುಟ್ಟತ್ತೆ ಅಂತ ಬೈಯೋದೂ ಅವಳೇ.

ಈಗ ಉಳಿದಿದ್ದು ಸೂಜಿಮರ. ಪಾಚಿ, ಜರೀಗಿಡ ಎಲ್ಲೋ ಗೋಡೆ ಸಂದೀಲಿ ಬದುಕ್ಕೊಂಡ್ವು, ಆದ್ರೆ ಈ ಮರ ಕಡಿದ್ರೆ ಕಡಿದ ಹಾಗೇ, ಬುಡದಿಂದ ಮತ್ತೆ ಚಿಗುರಲ್ಲ. ಅದು ಬೆಳೆಯೋದೂ ನಿಧಾನ. ವರ್ಷ ವರ್ಷ ಉಗಾದಿ ಬರೋದು, ಬೆಟ್ಟಮ್ಮ ಇದಿನ್ನೂ ಎಳೇದು ಅತ್ತೆ ಅನ್ನೋದು, ಸೇವಂತಮ್ಮ ಮೂಗು ಮುರಿದು ಒಳಗೆ ಹೋಗೋದು. ಹೀಗೇ ಎಷ್ಟೋ ಉಗಾದಿ ಕಳೀತು, ಮರ ಮನೆ ಸೂರಿಗಿಂತ ಎತ್ತರ ಆಯ್ತು, ಬೆಟ್ಟಮ್ಮಂಗೆ ಮಾತ್ರ ಮಕ್ಕಳಾಗ್ಲಿಲ್ಲ. ತಿಂಗಳು ತಿಂಗಳು ಅತ್ತೆ ಕೇಳೋಳು, ಏನೇ, ಏನಾದ್ರೂ ವಿಶೇಷ ಇದೆಯಾ ಅಂತ. ಇಲ್ಲ ಅತ್ತೆ ಅಂತ ಹೇಳಿ ಹೇಳಿ ಅವಳಿಗೆ ಆ ಮನೆ ಹೊಸ್ತಿಲು ದಾಟೋಕೇ ಬೇಜಾರಾಗ್ತಿತ್ತಂತೆ. ಒಂದು ಸಲ ಬಾವಿ ಹತ್ರ ಅಕ್ಕಪಕ್ಕದೋರ ಮುಂದೆ ಸೇವಂತಮ್ಮ ಅಂದೇಬಿಟ್ಳು, ತಂದ ಗಿಡಗಳೂ ಹಾಗೇ, ತಂದೋಳೂ ಹಾಗೇ ಅಂತ. ಬೆಟ್ಟಮ್ಮ ಕೇಳಿಸ್ಕೊಂಡ್ಳು, ಕೊಡ ತುಂಬಿಸ್ಕೊಂಡು ಒಳಗೆ ಬಂದ್ಳು.

ಒಂದು ವರ್ಷ ಆ ಮರ ತುದಿ ಕೊಂಬೆಗಳಲ್ಲಿ ಮೆತ್ತಗಿರೋ ಸಣ್ಣ ಸಣ್ಣ ಗೊಂಚಲು ಬಿಡ್ತಂತೆ, ಗಾಳಿ ಬೀಸಿದ್ರೆ ಸಾಕು, ಹಳದಿ ಧೂಳು ಮೋಡ ಮೋಡವಾಗಿ ಏಳೋದು. ಸೇವಂತಮ್ಮ ಒಣಹಾಕಿದ್ದ ಬಿಳೀ ಸೀರೆ ಪೂರ್ತಿ ಹಳದಿ. ಹೂ ಕೊಡು ಅಂದ್ರೆ ಅರಿಶಿಣ ಎರಚತ್ತೆ ಈ ಮುಂಡೇ ಮರ ಅಂತ ಬೈದು, ಪೊರಕೆ, ಎಕ್ಕಡ ಎರಡೂ ಕಟ್ಟಿಸಿದ್ಳು. ಇದಕ್ಕೇನೋ ಕಟ್ಟೋಕೆ ಕೊಂಬೆ ಇತ್ತು, ಸಂಪಂಗಪ್ಪಂಗೆ ಒಂದು ಕಷ್ಟ ತಪ್ಪಿತು. ಆ ಧೂಳು ಗಂಡಿಂದು ಕಂದ. ಇಲ್ಲಿ ಈಜೋ ಕೆಲ್ಸ ಇಲ್ಲ, ಗಾಳಿನೇ ಹೊತ್ಕೊಂಡು ಹೋಗಿ ಹೆಣ್ಣು ಕಾಯಿಗೆ ಮುಟ್ಟಿಸತ್ತೆ. ಹೆಣ್ಣು ಕಾಯಿ ಅಂದ್ರೆ ಹಲಗೆ ಹಲಗೆ ಜೋಡಿಸಿದ ಹಾಗಿರೋದು, ಮೊದ್ಲು ಪುಟಾಣಿ, ಆಮೇಲೆ ದಪ್ಪ ಆಗಿ ಕಟ್ಟಿಗೆ ಹಾಗೆ ಗಟ್ಟಿ. ಅದು ಬಾಯಿ ಮುಚ್ಕೊಂಡು ಮುಂದಿನ ವರ್ಷ ಪೂರ್ತಿ ಕೂತ್ಬಿಡತ್ತೆ. ಹೊರಗಿಂದ ನೋಡಿದೋರಿಗೆ ಏನೂ ಗೊತ್ತಾಗಲ್ಲ. ಸೇವಂತಮ್ಮ ಅದನ್ನ ನೋಡಿ, ಮರದ ಮೇಲೆ ಮರದ ತುಂಡು ಬಿಟ್ಟಿದೆ, ಒಲೆಗಾದ್ರೂ ಆಗತ್ತೆ ಅಂದ್ಳು, ಅಷ್ಟೇ. ಆಮೇಲೆ ಬರೋ ಉಗಾದಿಗೆ ಕೊಡಲಿ ಶಾಸ್ತ್ರ ಅಂತ ಊರಿಗೆಲ್ಲ ಹೇಳಿ ಬಂದ್ಳು.

ಬೆಟ್ಟಮ್ಮ ಗಂಡಂಗೆ ಪಾಠ ಶುರು ಮಾಡಿದ್ಳಂತೆ. ನೋಡಿ, ಅತ್ತೆ ಕಡೀಲಾ ಅಂತ ಕೇಳ್ತಾರೆ, ನೀವು ಬೇಡ ಅನ್ಬೇಕು. ಏನಂತೀರಿ? ಹೂಂ. ಹೂಂ ಅಲ್ಲ, ಬೇಡ. ಹೂಂ, ಬೇಡ. ಹೂಂ ಬಿಟ್ಟು ಬರೀ ಬೇಡ ಅನ್ರೀ. ಹೂಂ. ಅಯ್ಯೋ ದೇವ್ರೇ ಅಂತ ಹಣೆ ಹಣೆ ಚಚ್ಕೊಂಡ್ಳಂತೆ. ಊಟಕ್ಕೆ ಬಡಿಸೋವಾಗ, ಹೂ ಪೋಣಿಸೋವಾಗ, ನೀರು ಸೇದೋವಾಗ, ಹೇಳಿಸಿದ್ದೇ ಹೇಳಿಸಿದ್ದು. ಕೊನೆಗೆ ಒಂದು ಸಲ ಅನ್ನ ಬೇಕಾ ಅಂದ್ರೆ ಬೇಡ ಅಂದ. ಇವಳಿಗೆ ಖುಷಿಯೋ ಖುಷಿ. ಪಾಪ, ಅವನಿಗೆ ಅವತ್ತು ನಿಜವಾಗ್ಲೂ ಹೊಟ್ಟೆ ತುಂಬಿತ್ತು.

ಉಗಾದಿ ಬಂತು. ಬಿಸಿಲು ಚುರುಗುಟ್ತಿತ್ತು. ಸೇವಂತಮ್ಮ ಸ್ನಾನ ಮಾಡಿ, ಸೆರಗು ಸೊಂಟಕ್ಕೆ ಸಿಗಿಸಿ, ಕೊಡಲಿ ಎತ್ಕೊಂಡು ಮರದ ಮುಂದೆ ನಿಂತ್ಳು. ಕಡಿದುಬಿಡ್ಲೇನೋ ಮಗಾ ಅಂದ್ಳು. ಸಂಪಂಗಪ್ಪ ಅವ್ವನ ಮುಖ ನೋಡಿದ, ಹೂಂ ಅಂದ. ಸೇವಂತಮ್ಮಂಗೇ ಒಂದು ಗಳಿಗೆ ಏನ್ಮಾಡ್ಬೇಕು ಅಂತ ತೋಚ್ಲಿಲ್ಲ, ಯಾಕಂದ್ರೆ ಊರಲ್ಲಿ ಇದುವರೆಗೂ ಯಾರೂ ಹೂಂ ಅಂದೇ ಇರ್ಲಿಲ್ಲ. ಕಡಿದುಬಿಡ್ಲೇನೋ ಅಂತ ಮತ್ತೆ ಕೇಳಿದ್ಳು. ಹೂಂ. ಪಕ್ಕದಿಂದ ಬೆಟ್ಟಮ್ಮ ಬೇಡ ಅನ್ರೀ, ಬೇಡ ಅನ್ರೀ ಅಂತ ಹಲ್ಲು ಕಚ್ಕೊಂಡು ಹೇಳ್ತಾನೇ ಇದ್ದಾಳೆ. ಮೂರನೇ ಸಲ ಕೇಳಿದ್ಳು. ಅವನು ಹೂ ಅಂತ ಅರ್ಧ ಅಂದು, ಹೆಂಡ್ತಿ ಮುಖ ನೋಡಿ, ಹೆದ್ರಿ ಬಾಯಿ ಮುಚ್ಕೊಂಡ್ಬಿಟ್ಟ. ಹೂಂ ಅನ್ನೋದೂ ಇಲ್ಲ, ಬೇಡ ಅನ್ನೋದೂ ಇಲ್ಲ. ಎಂಥ ಗಂಡಸೋ ಏನೋ! ಬೇಡ ಅನ್ಲಿಲ್ಲ ಅಂದ್ರೆ ಕಡಿಯೋದೇ ಶಾಸ್ತ್ರ. ಸೇವಂತಮ್ಮ ಕೊಡಲಿ ಬೀಸಿದ್ಳು.

ಒಂದೇ ಏಟು ಬಿತ್ತು. ಬೆಟ್ಟಮ್ಮ ಓಡಿ ಹೋಗಿ ಮರ ತಬ್ಕೊಂಡ್ಳು. ಹೊಡೀರಿ ಈಗ, ನನ್ನ ಮೇಲೇ ಹೊಡೀರಿ, ನಮ್ಮಮ್ಮ ಕೊಟ್ಟಿದ್ರಲ್ಲಿ ಉಳಿದಿರೋದು ಇದೊಂದೇ, ನಾನೇ ನೆಟ್ಟು ಬೆಳೆಸಿದ್ದು ಅಂದ್ಳು. ಆ ಏಟಿಗೆ ಮರ ಅದುರಿತ್ತಲ್ಲ, ಬಿಸಿಲಿಗೆ ಮೇಲೆ ಬಾಯಿ ಬಿಟ್ಕೊಂಡಿದ್ದ ಕಾಯಿಗಳಿಂದ ಪಟಪಟ ಅಂತ ಏನೋ ಉದುರೋಕೆ ಶುರುವಾಯ್ತಂತೆ. ತೆಳ್ಳಗೆ ಒಂದೊಂದೇ ರೆಕ್ಕೆ ಇರೋದು, ಗಿರಗಿರ ತಿರುಕ್ಕೊಂಡು ಇಳೀತಾ ಬಂದು ಸೇವಂತಮ್ಮನ ತಲೆ ಮೇಲೆ, ಹೆಗಲ ಮೇಲೆ, ಸೆರಗಿನ ಮೇಲೆ ಕೂತ್ವು. ಅವಳು ಒಂದನ್ನ ತೆಗೆದು ಬೆರಳಲ್ಲಿ ಒತ್ತಿದ್ಳು. ಜಗಳಗಂಟಿ ಆದ್ರೂ ಜನ್ಮ ಪೂರ್ತಿ ಮಣ್ಣು ಮುಟ್ಟಿದ ಕೈ, ಅದಕ್ಕೆ ತಕ್ಷಣ ಗೊತ್ತಾಯ್ತು. ಹಲ್ಲಲ್ಲಿ ಕಡಿದು ನೋಡಿದ್ಳು. ಒಳಗೆ ಬೆಳ್ಳನೆ ತಿರುಳು. ಬೀಜ ಕಣೇ ಇದು ಅಂದ್ಳು.

ಬೀಜವೇ ಅತ್ತೆ, ಇನ್ನೇನು ಅಂದ್ಕೊಂಡ್ರಿ ಅಂದ್ಳು ಬೆಟ್ಟಮ್ಮ. ಹೂ ಎಲ್ಲೇ, ಹಣ್ಣೆಲ್ಲೇ ಅಂತ ಕೇಳಿದ್ಳು ಅತ್ತೆ. ಹೂವೂ ಇಲ್ಲ, ಹಣ್ಣೂ ಇಲ್ಲ, ಈ ಜಾತಿ ಮರದ ಬೀಜ ಹಲಗೆ ಮೇಲೆ ಬೆತ್ತಲೆ ಕೂತಿರತ್ತೆ, ಸುತ್ತ ಸಿಪ್ಪೆ ತಿರುಳಿನ ಹಣ್ಣು ಕಟ್ಟಲ್ಲ ಅಂದ್ಳು. ಬೆತ್ತಲೆನಾ, ಥೂ ಅಂದ್ಳಂತೆ ಸೇವಂತಮ್ಮ, ಆ ಹೊತ್ತಲ್ಲೂ! ಅಷ್ಟು ಸಾಕಾಯ್ತು, ಬೆಟ್ಟಮ್ಮನ ತಾಳ್ಮೆ ಕಿತ್ಕೊಂಡು ಹೋಯ್ತು. ಅಲ್ಲ ಅತ್ತೆ, ನಿಮ್ಮ ಗುಂಡುಮಲ್ಲಿಗೆ ಹಿತ್ಲು ತುಂಬ ಇದೆಯಲ್ಲ, ಅದರ ಕಾಯಿ ನೋಡಿದ್ದೀರಾ? ಬೀಜ ನೋಡಿದ್ದೀರಾ? ಮೊಗ್ಗಲ್ಲೇ ಕಿತ್ತು ಪೋಣಿಸ್ತೀರಿ, ಹೊಸ ಗಿಡ ಬೇಕು ಅಂದ್ರೆ ಕಡ್ಡಿ ಮುರಿದು ನೆಡ್ತೀರಿ. ಮಕ್ಕಳಿಲ್ಲದ್ದು ಅಂದ್ರೆ ನಿಮ್ಮ ಮಲ್ಲಿಗೆನೇ ಅಲ್ವಾ, ಅದಕ್ಕೆ ಯಾಕೆ ಎಕ್ಕಡ ಕಟ್ಲಿಲ್ಲ? ಹೂ ಅಂದ್ರೆ ಮಗು ಅಲ್ಲ ಅತ್ತೆ, ಹೂ ಅಂದ್ರೆ ಜೇನು ದುಂಬೀನ ಬಾ ಅಂತ ಕರೆಯೋದು, ಅವು ಬಂದು ಗಂಡು ಹೂವಿನ ಧೂಳು ಹೆಣ್ಣಿಗೆ ಮುಟ್ಟಿಸಿದ್ರೇನೇ ಬೇಲಿ ಮೇಲಿನ ಕುಂಬಳ ಕಾಯಿ ಕಟ್ಟೋದು, ಅದರ ಹೊಟ್ಟೇಲಿ ಬೀಜ ಆಗೋದು. ಹೂ ಬಿಡೋದು ಒಂದು ರೀತಿ, ಪುಡಿ ಹಾರಿಸೋದು ಒಂದು ರೀತಿ, ಹೀಗೆ ಹಲಗೆ ಮೇಲೆ ಕೂರಿಸೋದು ಇನ್ನೊಂದು ರೀತಿ. ನಿಮಗೆ ಗೊತ್ತಿರೋದು ಒಂದೇ ರೀತಿ ಅಂತ ಮಿಕ್ಕಿದ್ದಕ್ಕೆಲ್ಲ ಪೊರಕೆ ಕಟ್ತೀರಾ? ಮಕ್ಕಳಿಲ್ಲ ಅಂತ ಕಟ್ಟೋದೇ ಆದ್ರೆ ನನ್ನ ಕೊರಳಿಗೂ ಕಟ್ಬಿಡಿ, ಮನಸ್ಸಲ್ಲಿ ಕಟ್ಟಿ ಎಷ್ಟೋ ವರ್ಷ ಆಯ್ತಲ್ಲ ಅಂದ್ಳು. ಅಂದು ಗೊಳೋ ಅಂತ ಅತ್ತುಬಿಟ್ಳು.

ಸೇವಂತಮ್ಮ ಕೊಡಲಿ ಕೆಳಗೆ ಬಿಟ್ಳಂತೆ. ಮರದ ಬುಡದಲ್ಲಿ ಏಟು ಬಿದ್ದ ಜಾಗದಿಂದ ಅಂಟು ಒಸರ್ತಿತ್ತು, ಅಲ್ಲಿ ಕೂತು ಒಂದು ಹಿಡಿ ಮಣ್ಣು ಕಲಸಿ ಅದಕ್ಕೆ ಮೆತ್ತಿದ್ಳು. ಆಮೇಲೆ ಸೊಸೆ ಕಡೆ ತಿರುಗದೇನೇ, ಬಾವಿ ಹತ್ರ ಅವತ್ತು ನಾನು ಆ ಮಾತು ಆಡ್ಬಾರ್ದಿತ್ತು ಕಣೇ, ನೀನು ಕೇಳಿಸ್ಕೊಂಡಿದ್ದು ನಂಗೆ ಗೊತ್ತಿತ್ತು ಅಂದ್ಳು. ಬೆಟ್ಟಮ್ಮ ಕಣ್ಣೊರೆಸ್ಕೊಂಡು, ಗೊತ್ತಿದ್ದೂ ಇಷ್ಟು ದಿನ ಸುಮ್ನಿದ್ರಲ್ಲ ಅತ್ತೆ ಅಂದ್ಳು. ಹೂಂ, ಸುಮ್ನಿದ್ದೆ, ತಪ್ಪು ನಂದೇ ಅಂದ್ಳು ಸೇವಂತಮ್ಮ. ಅಷ್ಟರಲ್ಲಿ ಹಿಂದಿನಿಂದ ಸಂಪಂಗಪ್ಪ ಗಟ್ಟಿಯಾಗಿ ಬೇಡ ಅಂದ. ಅತ್ತೆ ಸೊಸೆ ಇಬ್ರೂ ಒಟ್ಟಿಗೇ ತಿರುಗಿ, ಈಗ ಬಾಯಿ ಬಂತಾ ನಿಂಗೆ, ಈಗ ಬಂತೇನ್ರೀ ಅಂತ ಅವನ್ನ ತರಾಟೆಗೆ ತಗೊಂಡ್ರಂತೆ. ಆ ಮನೇಲಿ ಇಬ್ರೂ ಒಂದು ಮಾತಿಗೆ ಬಂದಿದ್ದು ಅದೇ ಮೊದಲು.

ಆಮೇಲೆ ಸೇವಂತಮ್ಮ ಆ ಬೀಜಗಳನ್ನ ತಾನೇ ಸಸಿ ಮಡಿ ಮಾಡಿ ಊರಿದ್ಳು, ಸಸಿ ಎದ್ದಾಗ ಊರೋರನ್ನೆಲ್ಲ ಕರೆದು ತೋರಿಸಿದ್ಳು, ಎಲ್ಲ ತನಗೆ ಮೊದಲಿಂದ್ಲೂ ಗೊತ್ತಿತ್ತು ಅನ್ನೋ ಹಾಗೆ. ಬೆಟ್ಟಮ್ಮಂಗೆ ಮೈ ಉರಿದ್ರೂ ಬಿಟ್ಳು ಹೋಗ್ಲಿ ಅಂತ. ಇಬ್ರೂ ನೀರು ಹಾಕೋ ವಿಷಯಕ್ಕೆ ದಿನಾ ಜಗಳ ಆಡ್ಕೊಂಡು, ದಿನಾ ಒಟ್ಟಿಗೆ ಕೂತು ಉಂಡು, ಸುಖವಾಗಿದ್ರಂತೆ.

ಏನು? ಬೆಟ್ಟಮ್ಮಂಗೆ ಆಮೇಲೆ ಮಕ್ಕಳಾದ್ವಾ ಅಂತಾನಾ? ನೋಡು, ಅತ್ತೆ ಆಮೇಲೆ ಯಾವತ್ತೂ ಅದನ್ನ ಕೇಳ್ಲಿಲ್ಲವಂತೆ. ನೀನೂ ಕೇಳ್ಬೇಡ.

ಕತೆ ಮುಗೀತು, ನನ್ನ ಗಂಟಲೂ ಒಣಗ್ತು. ಕಣ್ಮುಚ್ಚು ಇನ್ನು.